ಬೋಟು ತಂದಾಗಿನಿಂದ ಒಂದಾದ ಮೇಲೊಂದು ತೊಂದರೆ: ಹೆಸರು ಬದಲಿಸಬೇಕಾ, ಮಾರಿಬಿಡಬೇಕಾ?

ಹೊಳೆದಂಡೆ ಮುಂಡರಗಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಮುಂಡರಗಿ ತಾಲೂಕು, ತುಂಗಭದ್ರೆ ದಂಡೆಯ ಊರು. ಅಜ್ಜನ ಕಾಲದಿಂದ ಮನೆಯಲ್ಲಿ ಹರಿಗೋಲು ಇದೆ. ಮೀನು ಹಿಡಿಯುವುದು, ಆಚೆ ದಂಡೆಯ ಹೊಲಕ್ಕೆ ಹೋಗುವವರನ್ನು ದಾಟಿಸುವುದು, ಇದೇ ಕೆಲಸ. ಹಮ್ಮಿಗಿ ಬ್ಯಾರೇಜ್ ಆದ ಮೇಲೆ ನಮ್ಮ ಕಡೆ ಹಿನ್ನೀರು ಅಗಲ ಆಯಿತು, ಹುಟ್ಟು ಹಾಕಿ ಹಾಕಿ ರಟ್ಟೆ ಬಿದ್ದು ಹೋಗುತ್ತದೆ. ಅದಕ್ಕೇ ಸಾಲ ಮಾಡಿ ಕರಾವಳಿಯಿಂದ ಒಂದು ಹಳೇ ಫೈಬರ್ ಬೋಟು ತಂದೆವು, ಹಿಂದೆ ಸಣ್ಣ ಪೆಟ್ರೋಲ್ ಇಂಜಿನ್ ಇದೆ.

ತಂದಾಗಿನಿಂದ ನೆಮ್ಮದಿ ಇಲ್ಲ. ಮೊದಲ ವಾರವೇ ನಡುಹೊಳೆಯಲ್ಲಿ ಇಂಜಿನ್ ನಿಂತಿತು. ಆಮೇಲೆ ನೀರಿನೊಳಗೆ ತಿರುಗುವ ಫ್ಯಾನಿನ ಪಿನ್ ತುಂಡಾಯಿತು, ಹಾಕಿಸಿದೆವು, ಮತ್ತೆ ತುಂಡಾಯಿತು. ಒಂದು ರಾತ್ರಿ ಹಗ್ಗ ಹರಿದು ಬೋಟು ತಾನೇ ಹೋಗಿ ಕೆಳಗಿನ ಊರಿನ ಜಾಲಿ ಕಂಟಿಯಲ್ಲಿ ಸಿಕ್ಕಿಕೊಂಡಿತ್ತು. ತಮ್ಮನ ಕಾಲಿಗೆ ಇಂಜಿನ್ ಬಡಿದು ಹೊಲಿಗೆ ಬಿತ್ತು. ಈ ನಡುವೆ ಮನೆಯ ಎಮ್ಮೆಯೂ ಸತ್ತಿತು. ಇದಕ್ಕೂ ಬೋಟಿಗೂ ಏನು ಸಂಬಂಧ ಅಂತ ನನಗೂ ಅನಿಸುತ್ತದೆ, ಆದರೆ ಊರವರು ಅದನ್ನೂ ಅದೇ ಲೆಕ್ಕಕ್ಕೆ ಸೇರಿಸಿದ್ದಾರೆ.

ಹಿರಿಯರು ಮೂರು ಮಾತು ಹೇಳುತ್ತಾರೆ. ಬೋಟಿನ ಮೂತಿ ಮೇಲೆ ಮೊದಲಿನವರು ಬರೆಸಿದ್ದ ಹೆಸರಿತ್ತು, ನಾವು ಪೂಜೆ ಮಾಡಿಸದೆ ಅದರ ಮೇಲೆ ಬಣ್ಣ ಬಳಿದು ನಮ್ಮ ಮನೆದೇವರ ಹೆಸರು ಬರೆಸಿದೆವು, ಅದು ತಪ್ಪಂತೆ. ನೀರಿಗಿಳಿಸಿದ್ದು ಪಾಡ್ಯದ ದಿನವಂತೆ. ಮೂರನೆಯದು ಹೇಳಲು ಬಾಯಿ ಬರುವುದಿಲ್ಲ. ತಮ್ಮನ ಹೆಂಡತಿ ಮದುವೆಯಾಗಿ ಬಂದ ತಿಂಗಳಲ್ಲೇ ಬೋಟು ಬಂತು, ಮೊದಲ ದಿನ ಆಕೆಯೂ ಹತ್ತಿದ್ದಳು. "ಆಕಿ ಕಾಲಿಟ್ಟಾಗಿಂದ ಹಿಂಗಾತು" ಅಂತ ಮಾತು ಶುರುವಾಗಿದೆ.

ನಂಬುವವರೂ ಹೇಳಿ, ನಂಬದವರೂ ಹೇಳಿ. ಸಾಲ ಇನ್ನೂ ತೀರಿಲ್ಲ. ಮಾರಿದರೆ ಅರ್ಧ ದುಡ್ಡೂ ಬರುವುದಿಲ್ಲ.

ಹುಬ್ಬಳ್ಳಿ ಹಳೇಪೇಟೆ:
ದೃಷ್ಟಿ ಬಿದ್ದಿದೆ ಅಣ್ಣಾ, ಬೇರೇನೂ ಅಲ್ಲ. ಸಾಲ ಮಾಡಿ ಹೊಸದು ತಂದರೆ ನೂರು ಜನರ ಕಣ್ಣು ಬೀಳುತ್ತದೆ. ನಮ್ಮಲ್ಲಿ ಪ್ರತಿ ಅಮಾವಾಸ್ಯೆಗೆ ಗಾಡಿಗೆ ನೀರು ಹಾಕಿ ತೊಳೆದು, ಕಾಯಿ ಒಡೆದು, ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟದೆ ಗ್ಯಾರೇಜಿನಿಂದ ಹೊರಗೆ ತೆಗೆಯುವುದಿಲ್ಲ. ಬೋಟಿಗೂ ಅಷ್ಟೇ. ಅಮಾವಾಸ್ಯೆ ಸಂಜೆ ಬೂದುಗುಂಬಳ ಇಳಿ ತೆಗೆದು ಒಡೆಯಿರಿ. ಖರ್ಚು ಎಷ್ಟಾಗುತ್ತದೆ ಹೇಳಿ. ಮನಸ್ಸಿಗಾದರೂ ಸಮಾಧಾನ.

ವರದಾ ಸಂಗಮ:
ತಮ್ಮಾ, ನಮ್ಮದು ಗಳಗನಾಥದ ಕಡೆ, ವರದೆ ಬಂದು ತುಂಗಭದ್ರೆಗೆ ಕೂಡುವ ಜಾಗ. ನಾನೂ ಹರಿಗೋಲು ನಡೆಸಿದವನೇ, ಈಗ ಮಗ ನಡೆಸುತ್ತಾನೆ. ಹೊಳೆಯ ಮೇಲೆ ಬದುಕುವವನು ನಂಬಿಕೆ ಇಲ್ಲದೆ ಇರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಇವತ್ತಿಗೂ ಹರಿಗೋಲಿನಲ್ಲಿ ಚಪ್ಪಲಿ ಹಾಕುವುದಿಲ್ಲ. ಹುಟ್ಟು ದಾಟುವುದಿಲ್ಲ. ಹೊರಟವರನ್ನು "ಎಲ್ಲಿಗೆ" ಅಂತ ಕೇಳುವುದಿಲ್ಲ. ನಡುನೀರಿನಲ್ಲಿ ಮುಳುಗುವ ಮಾತು ಆಡುವುದಿಲ್ಲ. ವರ್ಷಕ್ಕೊಮ್ಮೆ ಹೊಳೆಗೆ ಉಡಿ ತುಂಬುತ್ತೇವೆ. ಸೀರೆ ಖಣ, ಅರಿಷಿಣ ಕುಂಕುಮ, ಎಲೆ ಅಡಿಕೆ, ಬಾಳೆಹಣ್ಣು, ಕಾಯಿ. ಗಂಗವ್ವ ನಮಗೆ ತಾಯಿ.

ಆದರೆ ನಮ್ಮಪ್ಪ ಉಡಿ ತುಂಬುವ ಮೊದಲು ಇನ್ನೊಂದು ಕೆಲಸ ಮಾಡುತ್ತಿದ್ದರು. ಹರಿಗೋಲು ದಂಡೆಗೆ ಎಳೆದು ಬೋರಲು ಹಾಕಿ ಒಣಗಿಸುವುದು. ಒಣಗಿದ ಮೇಲೆ ಅಂಚಿನ ಸುತ್ತ ಕೂತು, ಬಿದಿರಿನ ಒಂದೊಂದು ದಬ್ಬೆಯನ್ನೂ ಹೆಬ್ಬೆರಳಿನಿಂದ ಒತ್ತುತ್ತಾ ಬರುವುದು. ಗಟ್ಟಿ ಇದ್ದರೆ ಮುಂದೆ. ಮೆತ್ತಗಾಗಿದ್ದರೆ ಅಲ್ಲಿ ಸುಣ್ಣದ ಗುರುತು. ಅಡಿಯಲ್ಲಿ ಡಾಂಬರು ಬಿರಿದ ಕಡೆ ಹಳೇದನ್ನು ಕೆರೆದು, ತಾಡಪತ್ರಿ ಹರಿದಿದ್ದರೆ ತೇಪೆ ಹಾಕಿ, ಕಾಸಿದ ಡಾಂಬರು ಬಳಿಯುವುದು. ಮೊದಲು ಚರ್ಮ ಹಾಕುತ್ತಿದ್ದರಂತೆ, ನಾನು ಕಂಡಿದ್ದು ತಾಡಪತ್ರಿ, ಪ್ಲಾಸ್ಟಿಕ್ ಚೀಲ. ಆ ಗುರುತುಗಳೆಲ್ಲ ಅಳಿಸಿದ ಮೇಲೇ ಪೂಜೆ. ಗುರುತು ಉಳಿದಿದ್ದರೆ ಎಂಥ ಒಳ್ಳೆಯ ಮುಹೂರ್ತ ಇದ್ದರೂ ಅಪ್ಪ ನೀರಿಗೆ ಬಿಡುತ್ತಿರಲಿಲ್ಲ.

ನಿನ್ನ ಬೋಟನ್ನು ತಂದ ಮೇಲೆ ಒಮ್ಮೆಯಾದರೂ ಬೋರಲು ಹಾಕಿದ್ದೀರಾ? ಅಡಿ ನೋಡಿದ್ದೀರಾ? ಅದನ್ನು ಮೊದಲು ಹೇಳು.

ಹುಬ್ಬಳ್ಳಿ ಇಂಜಿನ್:
ನಾನು ಪಂಪ್‌ಸೆಟ್ ಮತ್ತು ಸಣ್ಣ ಇಂಜಿನ್ ರಿಪೇರಿ ಮಾಡುವವನು, ಹಿನ್ನೀರಿನ ಕಡೆಯಿಂದ ಬೋಟಿನ ಇಂಜಿನ್ನೂ ಬರುತ್ತವೆ. ನೀವು ಬರೆದಿದ್ದು ಓದಿ ಕೆಲವು ಪ್ರಶ್ನೆ ಬಂದವು, ಸರಿಯಾಗಿ ಉತ್ತರ ಕೊಡಿ.

ಇಂಜಿನ್ ನಿಂತಾಗ ಒಮ್ಮೆಲೇ ನಿಂತಿತಾ, ಇಲ್ಲಾ ಕೆಮ್ಮಿ ಕೆಮ್ಮಿ ನಿಂತಿತಾ? ಪಿನ್ ತುಂಡಾಗಿದ್ದು ಯಾವ ಜಾಗದಲ್ಲಿ, ಆವಾಗ ನೀರು ಇಳಿದಿತ್ತಾ? ಬೋಟು ಖಾಲಿ ನಿಂತಾಗ ಹಿಂಭಾಗ ನೀರಿಗೆ ಹತ್ತಿರ ಕೂರುತ್ತದಾ? ಮೊದಲು ತಂದಾಗ ಹೇಗಿತ್ತು, ಈಗ ಹೇಗಿದೆ?

ಹೊಳೆದಂಡೆ ಮುಂಡರಗಿ:
ಕಾಕಾ, ಬೋರಲು ಹಾಕಿಲ್ಲ. ಹರಿಗೋಲಾದರೆ ಇಬ್ಬರು ಹೊತ್ತು ಹಾಕುತ್ತೇವೆ, ಇದು ಭಾರ. ಒಳಗೆ ನೆಲ ಒಣಗಿರುತ್ತದೆ, ಅದಕ್ಕೇ ಅಡಿ ಸೋರುತ್ತಿದೆ ಅಂತ ಅನಿಸಲೇ ಇಲ್ಲ.

ಇಂಜಿನ್ ಅಣ್ಣಾವರೆ, ಕೆಮ್ಮಿ ಕೆಮ್ಮಿ ನಿಂತಿತು. ಅರ್ಧ ತಾಸು ಬಿಟ್ಟು ಹಗ್ಗ ಎಳೆದರೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಪಿನ್ ತುಂಡಾಗಿದ್ದು ಎರಡು ಸಲವೂ ನಮ್ಮೂರ ಹಳೇ ಘಟ್ಟದ ಕೆಳಗೆ. ಹೌದು, ಗೇಟು ತೆಗೆದು ನೀರು ಇಳಿದಿತ್ತು. ಹಿಂಭಾಗ ಕೂರುವುದು ನಿಜ. ಮೊದಲು ಬಣ್ಣದ ಪಟ್ಟಿ ನೀರಿಗಿಂತ ಮೇಲೆ ಕಾಣುತ್ತಿತ್ತು, ಈಗ ಹಿಂದೆ ಪಟ್ಟಿ ಮುಳುಗಿರುತ್ತದೆ. ಇಂಜಿನ್ ಭಾರಕ್ಕೆ ಅಂದುಕೊಂಡಿದ್ದೆವು.

ಹುಬ್ಬಳ್ಳಿ ಇಂಜಿನ್:
ಇಂಜಿನ್ ಭಾರ ಮೊದಲೂ ಅಷ್ಟೇ ಇತ್ತಲ್ವಾ? ಬೋಟು ಕೂರುತ್ತಾ ಬಂದಿದೆ ಅಂದರೆ ಅದರ ಭಾರ ಏರುತ್ತಾ ಬಂದಿದೆ. ನೀವು ಹೇಳಿದ್ದನ್ನೆಲ್ಲಾ ಒಂದು ಕಡೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಇಂಥ ಫೈಬರ್ ಬೋಟಿಗೆ ಎರಡು ಪದರ ಇರುತ್ತವೆ. ನೀವು ಕಾಲಿಡುವ ನೆಲ ಒಂದು, ನೀರಿಗೆ ತಾಗುವ ಅಡಿ ಇನ್ನೊಂದು. ನಡುವೆ ಫೋಮ್ ತುಂಬಿರುತ್ತಾರೆ, ಬೋಟಿನಲ್ಲಿ ನೀರು ತುಂಬಿದರೂ ತೇಲಲಿ ಅಂತ. ಇಂಜಿನ್ ಕೂರಿಸಿದ ಹಿಂದಿನ ಹಲಗೆಯಲ್ಲಿ ಬೋಲ್ಟಿನ ತೂತು ಇರುತ್ತವೆ. ಅವುಗಳ ಸೀಲ್ ಹೋದರೆ ನೀರು ಸದ್ದಿಲ್ಲದೆ ಆ ನಡುವಿನ ಜಾಗಕ್ಕೆ ಇಳಿಯುತ್ತದೆ. ಮೇಲಿನ ನೆಲ ಒಣಗಿಯೇ ಇರುತ್ತದೆ, ಅದಕ್ಕೇ ಮಾಲೀಕನಿಗೆ ಗೊತ್ತೇ ಆಗುವುದಿಲ್ಲ. ನೂರು ಲೀಟರ್ ನೀರು ಅಂದರೆ ಒಂದು ಕ್ವಿಂಟಲ್. ಫೋಮ್ ಒಳ್ಳೆಯದಿದ್ದರೂ ವರ್ಷಗಟ್ಟಲೆ ನೀರಿನಲ್ಲಿ ನೆನೆದರೆ ಹೀರಿಕೊಳ್ಳುತ್ತದೆ, ಆಮೇಲೆ ಬಿಸಿಲಿಗೆ ಇಟ್ಟ ಮಾತ್ರಕ್ಕೆ ಒಣಗುವುದಿಲ್ಲ.

ಪರೀಕ್ಷೆ ಮಾಡುವುದು ಕಷ್ಟವಿಲ್ಲ. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಹಾಕಿ ನಿಮ್ಮ ಕಡೆ ಗೋವಿನಜೋಳ ತೂಗುವ ವೇ ಬ್ರಿಡ್ಜ್‌ಗೆ ಒಯ್ಯಿರಿ. ಟ್ರೇಲರ್ ಖಾಲಿ ತೂಕ ಕಳೆಯಿರಿ. ಬೋಟಿನ ಕಾಗದದಲ್ಲಿ ಅಥವಾ ಒಳಗಿನ ಪ್ಲೇಟಿನಲ್ಲಿ ತೂಕ ಬರೆದಿದ್ದರೆ ಹೋಲಿಸಿ. ಆಮೇಲೆ ಒಂದು ರೂಪಾಯಿ ನಾಣ್ಯ ತಗೊಂಡು ಅಡಿಯನ್ನು ಮೂತಿಯಿಂದ ಹಿಂದಕ್ಕೆ ತಟ್ಟುತ್ತಾ ಬನ್ನಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ. ನೀರು ಕುಡಿದ ಕಡೆ, ಪದರ ಬಿಟ್ಟ ಕಡೆ ದಬ್ ಅನ್ನುತ್ತದೆ. ಆ ಸದ್ದು ಒಮ್ಮೆ ಕೇಳಿದರೆ ಮತ್ತೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಕೆಮ್ಮುವ ಇಂಜಿನ್. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಟ್ಯಾಂಕು ಅರ್ಧ ಖಾಲಿ ಇಟ್ಟು ಹೊಳೆ ದಂಡೆಯಲ್ಲಿ ವಾರಗಟ್ಟಲೆ ಬಿಟ್ಟರೆ ನೀರು ಜಾಸ್ತಿಯಾಗಿ ಎಥೆನಾಲ್ ಸಮೇತ ತಳಕ್ಕೆ ಇಳಿಯುತ್ತದೆ. ಇಂಜಿನ್ ಮೊದಲು ಎಳೆಯುವುದು ತಳದ್ದನ್ನೇ. ಟ್ಯಾಂಕಿನ ತಳದ ಪೆಟ್ರೋಲ್ ಒಂದು ಗಾಜಿನ ಬಾಟಲಿಗೆ ಹಾಕಿ ರಾತ್ರಿಯಿಡೀ ಅಲುಗಿಸದೆ ಇಡಿ. ಬೆಂಕಿ ಹತ್ತಿರ ಬೇಡ. ಬೆಳಗ್ಗೆ ಎರಡು ಪದರ ಕಂಡರೆ ಉತ್ತರ ಸಿಕ್ಕಿತು. ನೀರು ಬೇರ್ಪಡಿಸುವ ಫಿಲ್ಟರ್ ಸಿಗುತ್ತದೆ, ಹಾಕಿಸಿ.

ಪಿನ್ ವಿಷಯ ನೇರವಾಗಿ ಹೇಳುತ್ತೇನೆ. ಅದು ತುಂಡಾಗಲಿ ಅಂತಲೇ ಹಾಕಿರುವ ಪಿನ್. ಫ್ಯಾನು ಕಲ್ಲಿಗೆ ಬಡಿದಾಗ ಒಳಗಿನ ಗೇರು ಮುರಿಯದೆ ಇರಲಿ ಅಂತ ಮೆತ್ತನೆಯ ಲೋಹದಲ್ಲಿ ಮಾಡಿರುತ್ತಾರೆ. ಎರಡು ಸಲ ತುಂಡಾಗಿ ಎರಡು ಸಲ ನಿಮ್ಮ ಗೇರ್‌ಬಾಕ್ಸ್ ಉಳಿಸಿದೆ. ನಾಲ್ಕು ಪಿನ್ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ದಯವಿಟ್ಟು ಗಟ್ಟಿ ಇರಲಿ ಅಂತ ಮೊಳೆ ಹೊಡೆಯಬೇಡಿ, ತುಂಬಾ ಜನ ಹಾಗೆ ಮಾಡಿ ಗೇರು ಕಳೆದುಕೊಂಡು ನನ್ನ ಹತ್ತಿರ ಬರುತ್ತಾರೆ.

ವರದಾ ಸಂಗಮ:
ಹಗ್ಗದ್ದು ನಾನು ಹೇಳುತ್ತೇನೆ. ಬ್ಯಾರೇಜ್ ಹಿನ್ನೀರು ರಾತ್ರೋರಾತ್ರಿ ಏರುತ್ತದೆ. ಮೇಲೆ ಗಾಜನೂರಿನಿಂದ ತುಂಗೆ, ಲಕ್ಕವಳ್ಳಿಯಿಂದ ಭದ್ರೆ, ಎರಡೂ ಕಡೆ ನೀರು ಬಿಟ್ಟರೆ ಬಂದು ಸೇರುವುದು ನಮ್ಮ ಹೊಳೆಗೇ. ಮೊಳದುದ್ದ ಹಗ್ಗದಲ್ಲಿ ಬಿಗಿದು ಕಟ್ಟಿದರೆ ನೀರು ಏರಿದಾಗ ಬೋಟು ಮೇಲೇಳಲು ಜಾಗ ಇರುವುದಿಲ್ಲ, ಹಗ್ಗ ಘಟ್ಟದ ಕಲ್ಲಿನ ಅಂಚಿಗೆ ಉಜ್ಜುತ್ತದೆ. ನೈಲಾನ್ ಹಗ್ಗ ಎಳೆದರೆ ಹರಿಯುವುದಿಲ್ಲ, ಉಜ್ಜಿದರೆ ಹರಿಯುತ್ತದೆ. ಹರಿದ ತುದಿ ನೋಡು. ಚಾಕುವಿನಿಂದ ಕೊಯ್ದ ಹಾಗೆ ಇದ್ದರೆ ಯಾರೋ ಕೊಯ್ದಿದ್ದಾರೆ. ಜುಬುರು ಜುಬುರಾಗಿದ್ದರೆ ಕಲ್ಲು. ಕಲ್ಲಿಗೆ ತಾಗುವ ಕಡೆ ಹಳೇ ಪೈಪ್ ತೂರಿಸು, ಎರಡು ಕಡೆಯಿಂದ ಸಡಿಲ ಬಿಟ್ಟು ಕಟ್ಟು.

ಹುಬ್ಬಳ್ಳಿ ಹಳೇಪೇಟೆ:
ಎಲ್ಲದಕ್ಕೂ ಕಾರಣ ಕೊಡುತ್ತೀರಿ, ಸರಿ. ಆದರೆ ಇವೆಲ್ಲಾ ಒಬ್ಬನಿಗೇ ಒಂದೇ ಹೊತ್ತಿನಲ್ಲಿ ಯಾಕೆ ಆಗಬೇಕು? ಬೇರೆಯವರ ಬೋಟಿಗೂ ಕಲ್ಲು ತಾಗುತ್ತದೆ, ಅವರು ಚೆನ್ನಾಗಿಯೇ ಇದ್ದಾರಲ್ಲ. ಹೆಸರು ಬದಲಿಸಿದ್ದು ಸಣ್ಣ ವಿಷಯ ಅಲ್ಲ. ವಿದೇಶದಲ್ಲೂ ಬೋಟಿನ ಹೆಸರು ಬದಲಿಸಬಾರದು ಅಂತಾರೆ.

ಹಾವೇರಿ ಗಣಿತ:
ಯಾಕೆ ಒಟ್ಟಿಗೇ ಆಗಬೇಕು ಅನ್ನುವುದಕ್ಕೆ ಎರಡು ಮಾತು. ಇಲ್ಲಿ ಭಾರವಾದ ಬೋಟು ಒಂದೇ ಹಲವು ತೊಂದರೆ ತಂದಿದೆ. ಹಿಂಭಾಗ ಕೆಳಗೆ ಕೂತರೆ ಫ್ಯಾನೂ ಆಳಕ್ಕೆ ಹೋಗುತ್ತದೆ, ಕಲ್ಲಿಗೆ ಬೇಗ ತಾಗುತ್ತದೆ. ಭಾರ ಜಾಸ್ತಿಯಾದರೆ ಹಗ್ಗದ ಮೇಲೂ ಜಗ್ಗಾಟ ಜಾಸ್ತಿ. ಅಂದರೆ ಅವು ಬೇರೆ ಬೇರೆ ಅಪಶಕುನ ಅಲ್ಲ.

ಎರಡನೆಯದು, ಸುಮ್ನೆ ಆಗುವ ಸಂಗತಿಗಳೂ ಗುಂಪಾಗಿ ಬರುತ್ತವೆ. ನಾಣ್ಯವನ್ನು ನೂರು ಸಲ ಚಿಮ್ಮಿಸಿ ಬರೆದಿಡಿ, ಒಂದೇ ಮುಖ ಸತತ ಐದು ಸಲ ಬಿದ್ದದ್ದು ಎಲ್ಲೋ ಒಂದು ಕಡೆ ಹೆಚ್ಚೂಕಮ್ಮಿ ಸಿಕ್ಕೇ ಸಿಗುತ್ತದೆ. ತರಗತಿಯಲ್ಲಿ ಮಕ್ಕಳ ಕೈಯಲ್ಲಿ ಮಾಡಿಸುತ್ತೇನೆ, ಅವರಿಗೆ ಮೊದಲು ನಂಬಿಕೆಯೇ ಬರುವುದಿಲ್ಲ. ಎಮ್ಮೆ ಸತ್ತಿದ್ದು ಆ ಲೆಕ್ಕ.

ಕಾರವಾರದವ ಧಾರವಾಡದಲ್ಲಿ:
ಹೆಸರಿನ ವಿಷಯಕ್ಕೆ ನಾನು ಬರುತ್ತೇನೆ. ಹುಟ್ಟಿದ್ದು ಕಾರವಾರ, ಈಗ ಧಾರವಾಡದಲ್ಲಿ ಕೆಲಸ. ಬೋಟಿನ ಹೆಸರು ಬದಲಿಸಿದರೆ ಕೆಡುಕು ಅನ್ನುವುದು ಪಶ್ಚಿಮದ ನಾವಿಕರ ಹಳೇ ನಂಬಿಕೆ ನಿಜ. ಸಮುದ್ರದೇವ ಪ್ರತಿ ಹಡಗಿನ ಹೆಸರನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟಿರುತ್ತಾನೆ, ಅವನನ್ನು ಕೇಳದೆ ಬದಲಿಸಿದರೆ ಕೋಪ ಅಂತ ಕಥೆ.

ಈಗ ನಮ್ಮ ನೌಕಾಪಡೆ ನೋಡಿ. ಮೊದಲ ವಿಮಾನವಾಹಕ ವಿಕ್ರಾಂತ್, ಬ್ರಿಟಿಷರು ಹರ್ಕ್ಯುಲಿಸ್ ಅಂತ ಕಟ್ಟಲು ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದ ಹಡಗು. 1957ರಲ್ಲಿ ಕೊಂಡು, ಹೆಸರು ಬದಲಿಸಿ, 1961ರಲ್ಲಿ ಸೇವೆಗೆ ಸೇರಿಸಿಕೊಂಡರು. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ಅದು ಮಾಡಿದ ಕೆಲಸ ಎಲ್ಲರಿಗೂ ಗೊತ್ತು, 1997ರವರೆಗೆ ಸೇವೆಯಲ್ಲಿತ್ತು. ವಿರಾಟ್ ಕೂಡ ಸೆಕೆಂಡ್ ಹ್ಯಾಂಡೇ. 1959ರಿಂದ ಹರ್ಮೀಸ್ ಅಂತ ಬ್ರಿಟಿಷರ ಹತ್ತಿರ ಇತ್ತು, 1987ರಲ್ಲಿ ವಿರಾಟ್ ಆಗಿ ನಮ್ಮಲ್ಲಿಗೆ ಬಂದು 2017ರವರೆಗೆ ಮೂವತ್ತು ವರ್ಷ ದುಡಿಯಿತು. ನಮ್ಮ ಕಾರವಾರದ ಕದಂಬ ನೆಲೆಯಲ್ಲಿ ನಿಲ್ಲುವ ವಿಕ್ರಮಾದಿತ್ಯಕ್ಕೆ ಹೆಸರು ಬದಲಾಗಿದ್ದು ಎರಡು ಸಲ. ಮೊದಲು ಬಾಕು, ಆಮೇಲೆ ಅಡ್ಮಿರಲ್ ಗೋರ್ಶ್ಕೋವ್, 2013ರಲ್ಲಿ ವಿಕ್ರಮಾದಿತ್ಯ. ಹೆಸರು ಬದಲಿಸಿದರೆ ಹಡಗು ಕೆಡುವುದಾದರೆ ಇವು ಮೂರೂ ಇಷ್ಟು ಕಾಲ ಹೇಗೆ ನಡೆದವು?

ಇನ್ನೊಂದು ಹೇಳುತ್ತೇನೆ. ಪಶ್ಚಿಮದ ದೇಶಗಳಲ್ಲಿ ಮೀನು ಹಿಡಿಯುವವರು ಬೋಟಿನಲ್ಲಿ ಬಾಳೆಹಣ್ಣು ಇಟ್ಟುಕೊಳ್ಳುವುದಿಲ್ಲ. ಬಾಳೆಹಣ್ಣು ಕಂಡರೆ ಮೀನು ಸಿಗುವುದಿಲ್ಲ ಅಂತ ನೀರಿಗೆ ಎಸೆಯುತ್ತಾರೆ. ನಮ್ಮಲ್ಲಿ ಬಾಳೆಹಣ್ಣಿಲ್ಲದೆ ಗಂಗಾಪೂಜೆ ಆಗುತ್ತದಾ? ಮೇಲೆ ಕಾಕಾ ಬರೆದಿದ್ದಾರೆ, ಉಡಿಯಲ್ಲಿ ಬಾಳೆಹಣ್ಣು ಇರಲೇಬೇಕು. ಅವರಿಗೆ ಶುಕ್ರವಾರ ಹೊರಡುವುದು ಕೆಟ್ಟದ್ದು, ನಮಗೆ ಶುಕ್ರವಾರ ಲಕ್ಷ್ಮಿಯ ವಾರ. ಬ್ರಿಟಿಷ್ ನೌಕಾಪಡೆ 'ಫ್ರೈಡೇ' ಅಂತಲೇ ಒಂದು ಹಡಗು ಕಟ್ಟಿ, ಶುಕ್ರವಾರವೇ ಹೊರಡಿಸಿ, ಅದು ಮರಳಿ ಬರಲೇ ಇಲ್ಲ ಅನ್ನುವ ಕಥೆ ಎಲ್ಲಾ ಕಡೆ ಹರಿದಾಡುತ್ತದೆ. ಅಂಥ ಹಡಗೇ ಇರಲಿಲ್ಲ, ಕಟ್ಟುಕಥೆ. ನೀರು ಒಂದೇ, ಹಣ್ಣು ಒಂದೇ. ಅಲ್ಲಿ ಕೆಡುಕು ತರುವುದು ಇಲ್ಲಿ ಒಳ್ಳೆಯದು ಮಾಡುತ್ತದೆ ಅಂದರೆ ಶಕ್ತಿ ಹಣ್ಣಿನಲ್ಲಿ ಇಲ್ಲ.

ಗುತ್ತಲದ ಮಗಳು:
ಎಲ್ಲರೂ ಇಂಜಿನ್, ಹಗ್ಗ, ಹೆಸರು ಅಂತ ಬರೆದಿರಿ, ಎಲ್ಲಾ ಉಪಯೋಗದ ಮಾತೇ. ಆದರೆ ಅಣ್ಣಾ, ನೀವು ಬರೆದ ಮೂರನೇ ಮಾತಿನ ಬಗ್ಗೆ ಇಷ್ಟು ಹೊತ್ತಾದರೂ ಯಾರೂ ಒಂದಕ್ಷರ ಬರೆದಿಲ್ಲ. ನನಗೆ ಅದೇ ಎಲ್ಲಕ್ಕಿಂತ ದೊಡ್ಡದು ಅನಿಸಿತು.

ಬೋಟು ಕೆಟ್ಟರೆ ರಿಪೇರಿ ಮಾಡಬಹುದು, ಇಲ್ಲವಾದರೆ ಮಾರಬಹುದು. ಮದುವೆಯಾಗಿ ತಿಂಗಳಾದ ಹುಡುಗಿಯ ಮೇಲೆ "ಕಾಲ್ಗುಣ ಸರಿ ಇಲ್ಲ" ಅಂತ ಒಮ್ಮೆ ಮಾತು ಬಿದ್ದರೆ ಅದು ಅಳಿಸುವುದಿಲ್ಲ. ಮುಂದೆ ಮನೆಯಲ್ಲಿ ಹಾಲು ಒಡೆದರೂ ಆಕೆ, ಮಳೆ ಬಾರದಿದ್ದರೂ ಆಕೆ. ಎಮ್ಮೆಯನ್ನು ಈಗಾಗಲೇ ಆ ಲೆಕ್ಕಕ್ಕೆ ಸೇರಿಸಿದ್ದಾರೆ ಅಂತ ನೀವೇ ಬರೆದಿದ್ದೀರಿ. ನಾಳೆ ಆಕೆಗೆ ಮಗು ಆಗುವುದು ಸ್ವಲ್ಪ ತಡವಾದರೆ ಏನು ಹೇಳುತ್ತಾರೆ ಯೋಚಿಸಿ. ನಮ್ಮ ಓಣಿಯಲ್ಲಿ ಒಬ್ಬಾಕೆ ಇದ್ದರು, ಗಂಡ ತೀರಿದ ಮೇಲೆ ಬೆಳಗ್ಗೆ ಹೊರಗೆ ಕಸ ಗುಡಿಸಲೂ ಬರುತ್ತಿರಲಿಲ್ಲ, ಕೆಲಸಕ್ಕೆ ಹೊರಟವರಿಗೆ ಎದುರಾಗಬಾರದು ಅಂತ. ಯಾರೂ ಬೈದಿರಲಿಲ್ಲ. ಅವರೇ ಕಲಿತುಕೊಂಡಿದ್ದರು. ಅದನ್ನು ನೋಡಿ ಬೆಳೆದವಳು ನಾನು, ಅದಕ್ಕೇ ಇಷ್ಟು ಜೋರಾಗಿ ಬರೆಯುತ್ತಿದ್ದೇನೆ.

ಹಡಗಿನ ಮಾತು ಬಂತು ಅಂತ ಒಬ್ಬ ಹೆಂಗಸಿನ ಬಗ್ಗೆ ಹೇಳುತ್ತೇನೆ. ವಯಲೆಟ್ ಜೆಸ್ಸಪ್ ಅಂತ, ದೊಡ್ಡ ಹಡಗುಗಳಲ್ಲಿ ಪ್ರಯಾಣಿಕರನ್ನು ನೋಡಿಕೊಳ್ಳುವ ಕೆಲಸ. 1911ರಲ್ಲಿ ಒಲಿಂಪಿಕ್ ಹಡಗಿಗೂ ಬ್ರಿಟಿಷ್ ಯುದ್ಧನೌಕೆ ಹಾಕ್‌ಗೂ ಡಿಕ್ಕಿಯಾದಾಗ ಆಕೆ ಅದರಲ್ಲಿದ್ದಳು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿದ್ದಳು. 1916ರಲ್ಲಿ ಬ್ರಿಟಾನಿಕ್ ನೆಲಬಾಂಬಿನಂಥ ಸಮುದ್ರದ ಸ್ಫೋಟಕಕ್ಕೆ ತಾಗಿ ಮುಳುಗಿದಾಗ ಅದರಲ್ಲೂ ಇದ್ದಳು, ನರ್ಸ್ ಆಗಿ. ನಮ್ಮೂರಲ್ಲಾಗಿದ್ದರೆ ಆಕೆಯನ್ನು ಏನೆನ್ನುತ್ತಿದ್ದರು? ಆದರೆ ಟೈಟಾನಿಕ್ ಮುಳುಗಿಸಿದ್ದು ಹಿಮಗಡ್ಡೆ. ಆಕೆ ಮೂರರಿಂದಲೂ ಬದುಕಿ ಬಂದಳು, ಮತ್ತೆ ಹಡಗಿನ ಕೆಲಸಕ್ಕೇ ಹೋದಳು, 1971ರವರೆಗೆ ಬಾಳಿದಳು. ಇದನ್ನೇ ಇಟ್ಟುಕೊಂಡು ಒಬ್ಬರು ಆಕೆಯನ್ನು ಅಪಶಕುನ ಅನ್ನಬಹುದು, ಇನ್ನೊಬ್ಬರು ಅದೃಷ್ಟವಂತೆ ಅನ್ನಬಹುದು. ಆಕೆ ಮಾತ್ರ ತನ್ನ ಕೆಲಸ ಮಾಡುತ್ತಿದ್ದಳು ಅಷ್ಟೇ.

ನೀವು ಹಿರಿಯ ಮಗ. ಆ ಮಾತು ನಿಲ್ಲಿಸಬೇಕಾದವರು ನೀವೇ. ತಮ್ಮ ಹೇಳಿದರೆ ಹೆಂಡತಿಯ ಪರ ಅಂತಾರೆ, ಆಕೆ ಹೇಳಿದರೆ ಎದುರು ಮಾತು ಅಂತಾರೆ.

ಕಾರವಾರದವ ಧಾರವಾಡದಲ್ಲಿ:
ಅಕ್ಕಾ ಸರಿಯಾಗಿ ಹೇಳಿದಿರಿ. ಸೇರಿಸುವುದು ಒಂದೇ. ನೌಕಾಪಡೆಯ ಹಡಗು ನೀರಿಗಿಳಿಸುವಾಗ ಹೆಂಗಸಿನ ಕೈಯಿಂದಲೇ ಕಾಯಿ ಒಡೆಸುವುದು ವಾಡಿಕೆ. 2013ರಲ್ಲಿ ಕೊಚ್ಚಿಯಲ್ಲಿ ಹೊಸ ವಿಕ್ರಾಂತ್ ನೀರಿಗಿಳಿದಿದ್ದೂ ಹಾಗೇ.

ಹುಬ್ಬಳ್ಳಿ ಹಳೇಪೇಟೆ:
ಹುಡುಗಿಯನ್ನು ದೂರುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ನಾನು ದೃಷ್ಟಿ ಅಂದೆನೇ ಹೊರತು ಆ ಹುಡುಗಿ ಅನ್ನಲಿಲ್ಲ. ಆದರೂ ಪೂಜೆ ಬೇಡ ಅನ್ನುವುದನ್ನು ಒಪ್ಪುವುದಿಲ್ಲ. ಸಿದ್ಧಾರೂಢ ಮಠದ ಕೆರೆಯಲ್ಲಿ ಶ್ರಾವಣದ ತೆಪ್ಪದ ತೇರು ನೋಡಲು ಎಷ್ಟು ಜನ ಸೇರುತ್ತಾರೆ. ನೀರಿನ ಮೇಲೆ ದೇವರನ್ನು ನಂಬುವ ಜನ ನಾವು.

ವರದಾ ಸಂಗಮ:
ಪೂಜೆ ಬೇಡ ಅಂತ ಇಲ್ಲಿ ಯಾರೂ ಅಂದಿಲ್ಲ ತಮ್ಮಾ. ನಾನಂತೂ ಸಾಯುವವರೆಗೆ ಹೊಳೆಗೆ ಉಡಿ ತುಂಬುವವನೇ. ಆದರೆ ಪೂಜೆ ಮಾಡುವುದು ಗಂಗವ್ವನಿಗೆ ಕೈ ಮುಗಿಯಲಿಕ್ಕೆ. ಒಬ್ಬರ ತಲೆ ಮೇಲೆ ತಪ್ಪು ಕಟ್ಟಲಿಕ್ಕೆ ಅಲ್ಲ. ನಮ್ಮ ಚೌಡದಾನಪುರದ ಹೊಳೆಯಲ್ಲಿ ದೋಣಿ ನಡೆಸಿದವರು ಅಂಬಿಗರ ಚೌಡಯ್ಯನವರು, 12ನೇ ಶತಮಾನದಲ್ಲಿ. ಸುಳ್ಳು ಭಕ್ತಿ, ಡಾಂಭಿಕತನ ಕಂಡರೆ ಅವರಷ್ಟು ನೇರವಾಗಿ ಬೈದ ಶರಣರು ಇನ್ನೊಬ್ಬರಿಲ್ಲ. ಹುಟ್ಟು ಹಿಡಿದ ಕೈಯ ಮನುಷ್ಯ ಅವರು, ಬಾಯಿ ಮಾತಿನವರಲ್ಲ. ಅವರ ಹೊಳೆಯವರು ನಾವು, ಸೊಸೆಯನ್ನು ದೂರಿ ಕೂತರೆ ಹೇಗೆ?

ಮಾರುವ ವಿಷಯಕ್ಕೂ ಒಂದು ಮಾತು. ಕೆಟ್ಟ ಬೋಟು ಅಂತ ಅನಿಸಿ ಇನ್ನೊಬ್ಬರಿಗೆ ಸುಮ್ಮನೆ ದಾಟಿಸಬೇಡ. ನಿನಗೆ ಮಾರಿದವರೂ ಹಾಗೇ ಮಾಡಿರಬಹುದು. ಅಡಿಯಲ್ಲಿ ನೀರು ಕುಡಿದ ಬೋಟು ನಾಳೆ ಇನ್ನೊಂದು ಊರಿನ ಹುಡುಗನನ್ನು ನಡುಹೊಳೆಯಲ್ಲಿ ಮುಳುಗಿಸಿದರೆ ಆ ಪಾಪ ಯಾವ ಕುಂಬಳಕಾಯಿಗೂ ಹೋಗುವುದಿಲ್ಲ.

ಹೊಳೆಆಲೂರು:
ನಾನು ಮಲಪ್ರಭೆ ದಂಡೆಯವನು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದಿಂದ ನೀರು ಬಿಟ್ಟಾಗ ನಮ್ಮ ಹೊಳೆಆಲೂರು, ಕೊಣ್ಣೂರು ಕಡೆ ಊರೊಳಗೇ ಹೊಳೆ ಬಂತು. ಆವತ್ತು ಬೋಟು ಬಂದಾಗ ಯಾರೂ ವಾರ ತಿಥಿ ಕೇಳಲಿಲ್ಲ. ಬಸುರಿಯರು, ಗಂಡ ಸತ್ತವರು, ಬಾಣಂತಿಯರು ಎಲ್ಲರೂ ಅದೇ ಬೋಟು ಹತ್ತಿದರು. ಬೋಟು ನಡೆಸುವವನು ಕೇಳಿದ್ದು ಒಂದೇ, ಎಷ್ಟು ಜನ ಆದಿರಿ ಅಂತ. ಜಾಸ್ತಿ ಆದವರನ್ನು ಇಳಿಸಿ, ಮತ್ತೆ ಬರ್ತೇನಿ ಅಂತ ಹೇಳಿ ಹೋದ. ಮತ್ತೆ ಬಂದ ಕೂಡ. ಆಗ ಕೆಲವರು ಅವನ ಮೇಲೆ ಸಿಟ್ಟಾಗಿದ್ದರು, ನಮ್ಮಪ್ಪ ಈಗಲೂ ಅವನನ್ನು ನೆನೆಸುತ್ತಾರೆ.

ಅದಕ್ಕೇ ಕೇಳುತ್ತೇನೆ, ನಿಮ್ಮ ಬೋಟಿನಲ್ಲಿ ಲೈಫ್ ಜಾಕೆಟ್ ಇವೆಯಾ? ಆಚೆ ದಂಡೆಗೆ ಜನ ದಾಟಿಸುತ್ತೇವೆ ಅಂದಿರಿ.

ಹೊಳೆದಂಡೆ ಮುಂಡರಗಿ:
ಎಲ್ಲರ ಮಾತೂ ಓದಿದೆ, ಅವ್ವನಿಗೂ ಓದಿ ಹೇಳಿದೆ. ಆಮೇಲೆ ಏನೇನಾಯಿತು ಬರೆಯುತ್ತೇನೆ.

ಹಗ್ಗದ ತುದಿ ಜುಬುರು ಜುಬುರೇ ಇದೆ ಕಾಕಾ, ಘಟ್ಟದ ಕಲ್ಲಿಗೆ ನೀಲಿ ಎಳೆಗಳು ಅಂಟಿಕೊಂಡಿವೆ. ಪೆಟ್ರೋಲ್ ಬಾಟಲಿಯಲ್ಲಿ ಬೆಳಗ್ಗೆ ಗೆರೆ ಎಳೆದ ಹಾಗೆ ಎರಡು ಪದರ ಕಂಡಿತು, ತಳದ್ದು ಮಬ್ಬಾಗಿತ್ತು. ಬೋಟನ್ನು ಟ್ರೇಲರಿಗೆ ಹಾಕಿ ತೂಗಿಸಿದೆವು. ಪ್ಲೇಟಿನಲ್ಲಿ ಇರುವುದಕ್ಕಿಂತ ಎರಡು ಕ್ವಿಂಟಲ್ ಹತ್ತಿರ ಜಾಸ್ತಿ ಬಂತು. ಇಂಜಿನ್ ಇಳಿಸಿಯೇ ತೂಗಿಸಿದ್ದು.

ಮನೆ ಮುಂದೆ ಮೂತಿ ಎತ್ತರಕ್ಕೆ ಇಟ್ಟು ನಾಣ್ಯದಿಂದ ತಟ್ಟಿದೆವು. ಮುಂದೆಲ್ಲ ಟಣ್, ನಡುವಿನಿಂದ ಹಿಂದಕ್ಕೆ ಪೂರ್ತಿ ದಬ್. ಓಣಿಯ ಜನ ಎಲ್ಲಾ ಬಂದು ನಿಂತಿದ್ದರು, ಕಾಲ್ಗುಣದ ಮಾತಾಡಿದ ಹಿರಿಯರೂ ಇದ್ದರು. ಅವರ ಕೈಗೂ ನಾಣ್ಯ ಕೊಟ್ಟೆ, ತಟ್ಟಿ ನೋಡಿದರು. ಆಮೇಲೆ ಹಿಂದೆ ತಳದಲ್ಲಿ ಡ್ರಿಲ್ಲಿನಿಂದ ತೂತು ಹಾಕಿದಾಗ ಮೊದಲು ಬುಸ್ ಅಂತ ಗಾಳಿ, ಹಿಂದೆಯೇ ನೀರು. ಕೆಂಪಗೆ, ಗಬ್ಬು ವಾಸನೆ. ಬಕೆಟ್ ಮೇಲೆ ಬಕೆಟ್ ಹಿಡಿದೆವು. ನಾಲಿಗೆಗೆ ತಾಗಿಸಿ ನೋಡಿದ ತಮ್ಮ ಸ್ವಲ್ಪ ಉಪ್ಪು ಅಂದ. ನಮ್ಮ ಹೊಳೆ ಸಿಹಿನೀರು. ಅಂದರೆ ಬೋಟು ಕರಾವಳಿಯಲ್ಲಿದ್ದಾಗಲೇ ಒಳಗೆ ನೀರು ಹೋಗಿತ್ತು, ನಾವು ತರುವ ಮೊದಲೇ. ತಮ್ಮನ ಮದುವೆಗೂ ಮೊದಲೇ.

ಇದನ್ನು ಎಲ್ಲರ ಎದುರಿಗೇ ಗಟ್ಟಿಯಾಗಿ ಹೇಳಿದೆ. ಇನ್ನು ಆ ಹುಡುಗಿಯ ಹೆಸರು ಈ ವಿಷಯದಲ್ಲಿ ಯಾರೂ ಎತ್ತಬಾರದು ಅಂತಲೂ ಹೇಳಿದೆ. ಒಬ್ಬ ಹಿರಿಯರು ಏನೂ ಮಾತಾಡದೆ ಎದ್ದು ಹೋದರು. ಇನ್ನೊಬ್ಬರು "ಎಮ್ಮಿ ಸತ್ತದ್ದಕ್ಕೇನಂತಿ" ಅಂದರು. ಅದಕ್ಕೆ ಅವ್ವನೇ ಉತ್ತರ ಕೊಟ್ಟಳು, "ಎಮ್ಮಿಗಿ ವಯಸ್ಸಾಗಿತ್ತು, ಅದನ್ನ ಸಾಕಿದಾಕಿ ನಾನು, ನನಗ ಗೊತ್ತಿಲ್ಲೇನು" ಅಂತ. ರಿಪೇರಿ ಆದ ಮೇಲೆ ಹೊಳೆಗೆ ಉಡಿ ತುಂಬುವುದು ಸಣ್ಣ ಸೊಸೆಯ ಕೈಯಿಂದಲೇ ಅಂತ ಅವ್ವ ಹೇಳಿದ್ದಾಳೆ. ಗುತ್ತಲದ ಅಕ್ಕಾ, ನಿಮ್ಮ ಬರಹ ಓದಿ ಹೇಳಿದಾಗ ಆಕೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

ಈಗ ಕೆಲಸದ ಮಾತು. ನೀರು ನಿಂತ ಮೇಲೆ ಆ ತೂತು ಮುಚ್ಚಿ ನೀರಿಗೆ ಬಿಡಬಹುದಾ ಅಣ್ಣಾವರೆ? ಮೀನಿನ ದುಡ್ಡು ನಿಂತುಹೋಗಿದೆ. ಲೈಫ್ ಜಾಕೆಟ್ ಎರಡೇ ಇವೆ.

ಹುಬ್ಬಳ್ಳಿ ಇಂಜಿನ್:
ಬೇಡ. ಹರಿದು ಬಂದಿದ್ದು ಬಿಡಿ ನೀರು ಮಾತ್ರ. ಫೋಮ್ ಹೀರಿದ್ದು ಒಳಗೇ ಇದೆ. ಬಕೆಟ್ ಲೆಕ್ಕ ಹಾಕಿ ಎರಡು ಕ್ವಿಂಟಲಿನಲ್ಲಿ ಕಳೆಯಿರಿ, ಉಳಿದದ್ದು ಫೋಮಿನಲ್ಲಿದೆ. ಒಳಗಿನ ನೆಲ ಹಿಂದಿನ ಅರ್ಧ ಕೊಯ್ದು ತೆಗೆಯಿಸಿ, ನೆನೆದ ಫೋಮ್ ಪೂರ್ತಿ ಕಿತ್ತು ಹಾಕಿ. ಇಂಜಿನ್ ಕೂರುವ ಹಿಂದಿನ ಹಲಗೆಯ ಒಳಗೆ ಕಟ್ಟಿಗೆ ಇರುತ್ತದೆ, ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೆತ್ತಗಿದ್ದರೆ ಅದನ್ನೂ ಬದಲಿಸಲೇಬೇಕು, ಇಲ್ಲವಾದರೆ ಒಂದು ದಿನ ಇಂಜಿನ್ ಸಮೇತ ಕಿತ್ತು ಬರುತ್ತದೆ. ತಮ್ಮನ ಕಾಲಿಗೆ ಇಂಜಿನ್ ಬಡಿದದ್ದು ಅದು ಅಲುಗಾಡುತ್ತಿದ್ದುದಕ್ಕೇ ಇರಬೇಕು, ಅದನ್ನು ಅವನಿಗೆ ಕೇಳಿ ನೋಡಿ.

ಫೋಮ್ ತೆಗೆದ ಮೇಲೆ ಖಾಲಿ ಬಿಡಬೇಡಿ. ಬೋಟಿನಲ್ಲಿ ನೀರು ತುಂಬಿದರೆ ಅದನ್ನು ತೇಲಿಸುವುದು ಅದೇ. ಬೋಟಿಗೆ ಹಾಕುವ ಹೊಸ ಫೋಮ್ ತುಂಬಿಸಿ, ನೆಲ ಕೂರಿಸಿ, ಬೋಲ್ಟಿನ ತೂತುಗಳಿಗೆ ನೀರಿನಲ್ಲಿ ತಾಳುವ ಸೀಲಂಟ್ ಹಾಕಿಸಿ. ಈಗ ಹಾಕಿದ ತೂತಿಗೆ ತಿರುಗಿಸುವ ಬಿರಡೆ ಕೂರಿಸಿ, ಮುಚ್ಚಿಬಿಡಬೇಡಿ. ತಿಂಗಳಿಗೊಮ್ಮೆ ದಂಡೆಗೆ ಎಳೆದು ಬಿರಡೆ ತೆಗೆದು ನೋಡಬಹುದು.

ವರದಾ ಸಂಗಮ:
ಅಲ್ಲಿಯವರೆಗೆ ಹರಿಗೋಲು ಇದೆಯಲ್ಲ, ಡಾಂಬರು ನೋಡಿಕೊಂಡು ದಂಡೆ ಹತ್ತಿರವೇ ಬಲೆ ಹಾಕು. ಜನ ದಾಟಿಸುವುದು ಈಗ ಬೇಡ.

ಹೊಳೆಆಲೂರು:
ಜಾಕೆಟ್ ಎರಡೇ ಅಂದರೆ ಎರಡೇ ಜನ. ರಿಪೇರಿ ದುಡ್ಡಿನ ಜೊತೆಗೇ ಇನ್ನು ನಾಲ್ಕು ಜಾಕೆಟ್ ಲೆಕ್ಕ ಹಾಕಿಕೊಳ್ಳಿ, ಆಮೇಲೆ ತಗೊಂಡರಾಯಿತು ಅಂದರೆ ಆಗುವುದಿಲ್ಲ.

ಹೊಳೆದಂಡೆ ಮುಂಡರಗಿ:
ಆಯಿತು. ತಮ್ಮನಿಗೆ ಕೇಳಿದೆ, ಇಂಜಿನ್ ಅಲುಗಾಡುತ್ತಿತ್ತು ಅಂದ. ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಒಳಗೆ ಹೋಯಿತು. ಸೋಮವಾರ ನೆಲ ಕೊಯ್ಯಲು ಫೈಬರ್ ಕೆಲಸದವರು ಬರುತ್ತಾರೆ. ಹಿಂದಿನ ಹಲಗೆಗೆ ಯಾವ ಕಟ್ಟಿಗೆ ಹಾಕಿಸಬೇಕು, ಸಾಗವಾನಿ ಸಾಕಾ ಇಲ್ಲಾ ಮರೈನ್ ಪ್ಲೈವುಡ್ ಬೇಕಾ, ಅದೊಂದು ಹೇಳಿ.

ಹುಬ್ಬಳ್ಳಿ ಇಂಜಿನ್:
ಮರೈನ್ ಪ್ಲೈವುಡ್. ಎರಡು ಹಾಳೆ ಅಂಟಿಸಿ, ಅಂಚಿಗೂ ಬೋಲ್ಟಿನ ತೂತಿನ ಒಳಗೂ ಎಪಾಕ್ಸಿ ಬಳಿದು ಒಣಗಿದ ಮೇಲೇ ಕೂರಿಸಲು ಹೇಳಿ. ತೂತಿನ ಒಳಗೆ ಬಳಿಯುವುದನ್ನು ನೀವೇ ನಿಂತು ನೋಡಿ, ಅಲ್ಲಿಂದಲೇ ಇಷ್ಟೆಲ್ಲಾ ಶುರುವಾಗಿದ್ದು.